11 ವರ್ಷ ನಿಂತಿದ್ದ ಅಂಬಾಸಿಡರ್ ಎಂಜಿನ್ ಬಿಚ್ಚುತ್ತಿದ್ದೇನೆ, ಬೋರ್ ಮಾಡಿಸಲೇಬೇಕಾ?

ಮೂಡಿಗೆರೆ ಮಾರ್ಕ್ 4

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಗಾಡಿ 1984ರ ಅಂಬಾಸಿಡರ್ ಮಾರ್ಕ್ 4. ಪೆಟ್ರೋಲ್, 1489 ಸಿಸಿ. ಅಪ್ಪ ಹೊಸದಾಗಿ ತಂದಿದ್ದು. ಕಾಫಿ ಚೀಲದಿಂದ ಹಿಡಿದು ಮದುಮಗಳವರೆಗೆ ಎಲ್ಲವನ್ನೂ ಹೊತ್ತಿದೆ. 11 ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ನಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಅಂತ ನಿಮಗೆ ಗೊತ್ತು, ಗೋಡೆಯ ಮೇಲೂ ಪಾಚಿ ಬರುತ್ತದೆ.

ಅಪ್ಪನಿಗೆ ಈಗ 78. ಇನ್ನೊಂದು ಸಲ ಇದೇ ಗಾಡಿಯಲ್ಲಿ ಕೊಟ್ಟಿಗೆಹಾರಕ್ಕೆ ಹೋಗಿ ನೀರ್‌ದೋಸೆ ತಿನ್ನಬೇಕು ಅಂತಾರೆ. ಅದಕ್ಕೇ ಶುರು ಮಾಡಿದೆ.

ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ನೋಡಿದೆ. ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಊರಿನ ಮೆಕ್ಯಾನಿಕ್ ಒಬ್ಬರು ಬಂದರು. ಬಾನೆಟ್ ಎತ್ತಿ ನೋಡಿ, "ಫುಲ್ ಎಂಜಿನ್ ಕೆಲಸ, ನಾಲ್ಕೂ ಬೋರ್, ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್, ಎಲ್ಲ ಆಗಬೇಕು" ಅಂದರು. ಬೋರ್ ಅಂದರೆ ಸವೆದ ಸಿಲಿಂಡರ್ ಗೋಡೆಯನ್ನು ಕೊರೆದು ಅಗಲ ಮಾಡೋದು, ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸೋ ದಂಡ. ಒಂದು ನಟ್ಟೂ ಬಿಚ್ಚದೆ ಹೇಗೆ ಗೊತ್ತಾಯಿತು ಅನ್ನೋದು ನನ್ನ ಪ್ರಶ್ನೆ. ನನಗೆ ಟ್ರ್ಯಾಕ್ಟರ್, ಪಂಪ್‌ಸೆಟ್ ಬಿಚ್ಚಿ ಅಭ್ಯಾಸ ಇದೆ. ಕಾರಿನ ಎಂಜಿನ್ ಇದೇ ಮೊದಲು. ಎಲ್ಲಿಂದ ಶುರು ಮಾಡಲಿ?

ಹಳೇ ಫಿಟ್ಟರ್, ದಾವಣಗೆರೆ

ನಿಮ್ಮ ಪ್ರಶ್ನೆ ಸರಿಯಾಗಿದೆ. ಅಳತೆ ತೆಗೆಯದೆ ಬೋರ್ ಮಾತು ಎತ್ತಬಾರದು. ಅದನ್ನು ಆಮೇಲೆ ನೋಡೋಣ.

ಮೊದಲು ಬ್ಯಾಟರಿ ಕಡೆ ಹೋಗಬೇಡಿ. ಸೆಲ್ಫ್ ಹೊಡೆದು ಬಿಡಿಸೋಣ ಅಂತ ಹೊರಟರೆ ಪಿಸ್ಟನ್ ರಿಂಗ್ ಮುರಿಯುತ್ತದೆ, ಇಲ್ಲವೇ ಫ್ಲೈವೀಲ್ ಹಲ್ಲು ಹೋಗುತ್ತದೆ. ಎಳೆಸಿ ಕ್ಲಚ್ ಬಿಡೋದಂತೂ ಬೇಡವೇ ಬೇಡ.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಡೀಸೆಲ್ ಮತ್ತು ಪವರ್ ಸ್ಟೀರಿಂಗ್ ಎಣ್ಣೆ ಸಮ ಪ್ರಮಾಣದಲ್ಲಿ ಬೆರೆಸಿ, ಒಂದೊಂದು ತೂತಿಗೆ ಅರ್ಧ ಟೀ ಲೋಟದಷ್ಟು ಹಾಕಿ. ಬಟ್ಟೆ ಮುಚ್ಚಿ ಬಿಡಿ. ದಿನಕ್ಕೊಮ್ಮೆ ಹ್ಯಾಂಡಲ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಒತ್ತಿ. ಜೋತು ಬೀಳಬೇಡಿ. ಒಂದು ವಾರ, ಹತ್ತು ದಿನ ಆದರೂ ಆಗಲಿ.

ಅಷ್ಟರಲ್ಲಿ ಟ್ಯಾಪೆಟ್ ಕವರ್, ಅಂದರೆ ಎಂಜಿನ್ ಮೇಲಿನ ಮುಚ್ಚಳ, ತೆಗೆದು ಒಂದು ವಿಷಯ ನೋಡಿ ಹೇಳಿ. ರೇಡಿಯೇಟರ್ ಕಡೆಯಿಂದ ಎಣಿಸಿದರೆ 8 ವಾಲ್ವ್. ಅದರಲ್ಲಿ ಯಾವುದು ಪೂರ್ತಿ ಒತ್ತಿಕೊಂಡು, ಅಂದರೆ ತೆರೆದು ನಿಂತಿದೆ? ತುಕ್ಕು ಹೆಚ್ಚಾಗಿ ಆ ಸಿಲಿಂಡರ್‌ನಲ್ಲೇ ಇರುತ್ತದೆ.

ರಾಜಾಜಿನಗರ ರೈಡರ್

ಬ್ರೋ, ಇಷ್ಟೆಲ್ಲ ಯಾಕೆ? ಗುಜರಿಯಲ್ಲಿ ಇಸುಜು 1.8 ಎಂಜಿನ್ ಹುಡುಕಿ ಕೂರಿಸಿ. ಪವರ್ ಜಾಸ್ತಿ, ತಲೆನೋವು ಕಮ್ಮಿ.

ಲೇತ್ ಮನೆ, ಹುಬ್ಬಳ್ಳಿ

ತಮ್ಮಾ, ಕೂರಿಸಬಹುದು. ಆದರೆ ಆರ್‌ಸಿಯಲ್ಲಿ ಇರುವ ಎಂಜಿನ್ ನಂಬರ್ ಬದಲಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ಹಳೇ ಗಾಡಿಯ ಆರ್‌ಸಿ ನವೀಕರಣಕ್ಕೆ ಹೋದಾಗ ನಂಬರ್ ತಾಳೆ ಆಗದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಜೊತೆಗೆ ಗುಜರಿ ಎಂಜಿನ್ ಒಳಗೆ ಏನಿದೆ ಅಂತ ಯಾರಿಗೆ ಗೊತ್ತು? ಅದನ್ನೂ ಬಿಚ್ಚಲೇಬೇಕಲ್ಲ. ಹಾಗಿದ್ದ ಮೇಲೆ ಅಪ್ಪನ ಎಂಜಿನ್ನೇ ಬಿಚ್ಚಲಿ ಬಿಡಿ.

ಮೂಡಿಗೆರೆ ಮಾರ್ಕ್ 4

ಫಿಟ್ಟರ್ ಸರ್, ಪೂರ್ತಿ ತೆರೆದು ನಿಂತಿರೋದು 5ನೇ ವಾಲ್ವ್.

ಹಳೇ ಫಿಟ್ಟರ್, ದಾವಣಗೆರೆ

5 ಅಂದರೆ 3ನೇ ಸಿಲಿಂಡರ್‌ನ ಎಕ್ಸಾಸ್ಟ್, ಹೊಗೆ ಹೊರಗೆ ಹೋಗೋ ವಾಲ್ವ್. ಸೈಲೆನ್ಸರ್ ಬಾಯಿಂದ ಬಂದ ಥಂಡಿ ಗಾಳಿ ನೇರ ಅಲ್ಲಿಗೇ ಹೋಗಿದೆ, 11 ಮಳೆಗಾಲ. ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಕೂರೋ ಭಾಗ, ಬಿಚ್ಚಿದಾಗ ನೋಡಿ. ಆ ವಾಲ್ವಿನ ಕಡ್ಡಿಗೂ ದಿನಾ ಎರಡು ಹನಿ ಬಿಡಿ. ವಾಲ್ವ್ ಗೈಡಿನಲ್ಲಿ ಕಚ್ಚಿಕೊಂಡಿದ್ದರೆ, ಎಂಜಿನ್ ತಿರುಗಿದಾಗ ಅದನ್ನು ಆಡಿಸುವ ಉದ್ದ ಸರಳು, ಪುಶ್‌ರಾಡ್, ಬಾಗುತ್ತದೆ.

ಮೂಡಿಗೆರೆ ಮಾರ್ಕ್ 4

9ನೇ ದಿನ ಬೆಳಿಗ್ಗೆ "ಕಟ್" ಅಂತ ಒಂದು ಸದ್ದು. ಹ್ಯಾಂಡಲ್ ಅರ್ಧ ಇಂಚು ಇಳಿಯಿತು. ಹಿಂದಕ್ಕೆ ತಂದೆ, ಮತ್ತೆ ಮುಂದಕ್ಕೆ ಒತ್ತಿದೆ. ಸಂಜೆ ಹೊತ್ತಿಗೆ ಪೂರ್ತಿ ಒಂದು ಸುತ್ತು. ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು.

ಈ ವಾರ ಚೈನ್ ಬ್ಲಾಕ್ ಕಟ್ಟಿ ಎಂಜಿನ್ ಹೊರಗೆ ತೆಗೆದೆ. ಬಿಚ್ಚುವಾಗ ಕಲಿತ ಒಂದೆರಡು ವಿಷಯ ಬರೆಯುತ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು.

ಈ ಗಾಡಿಯ ನಟ್‌ಗಳೆಲ್ಲ ಇಂಚಿನ ಲೆಕ್ಕ. 7/16, 1/2, 9/16. ನನ್ನ ಹತ್ತಿರ ಇದ್ದದ್ದು ಮಿಲಿಮೀಟರ್ ಸ್ಪ್ಯಾನರ್. 1/2 ಇಂಚು ಅಂದರೆ 12.7 ಮಿಮೀ. 13ರ ಸ್ಪ್ಯಾನರ್ ಕೂತ ಹಾಗೆ ಅನ್ನಿಸುತ್ತದೆ, ಬಲ ಹಾಕಿದ ತಕ್ಷಣ ನಟ್ಟಿನ ಮೂಲೆ ತಿನ್ನುತ್ತದೆ. ಎರಡು ನಟ್ ಹಾಳು ಮಾಡಿಕೊಂಡ ಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಇಂಚಿನ ಸೆಟ್ ತಂದೆ.

ಪುಶ್‌ರಾಡ್ ಮತ್ತು ಅದರ ಕೆಳಗಿನ ಬಟ್ಟಲುಗಳನ್ನು ಬೆರೆಸಲಿಲ್ಲ. ರಟ್ಟಿನ ಡಬ್ಬಕ್ಕೆ 8 ತೂತು ಮಾಡಿ, ನಂಬರ್ ಬರೆದು, ಅದರಲ್ಲೇ ಚುಚ್ಚಿಟ್ಟೆ. ಓಡಿದಷ್ಟು ವರ್ಷವೂ ಒಂದು ಬಟ್ಟಲು ಅದನ್ನು ಎತ್ತುವ ಒಂದೇ ಕ್ಯಾಮ್ ಮೇಲೆ ಉಜ್ಜಿಕೊಂಡು ಹೊಂದಿಕೊಂಡಿದೆ. ಜಾಗ ಬದಲಾದರೆ ಎರಡೂ ಸವೆಯುತ್ತವೆ.

ಹೆಡ್ ನಟ್‌ಗಳನ್ನು ಒಂದೇ ಸಲ ಬಿಚ್ಚದೆ, ಹೊರಗಿನಿಂದ ಒಳಕ್ಕೆ ಕಾಲು ಕಾಲು ಸುತ್ತು ಸಡಿಲ ಮಾಡುತ್ತಾ ಬಂದೆ. ಹೆಡ್ ಮೇಲೆ ಬರಲಿಲ್ಲ. ಸ್ಕ್ರೂಡ್ರೈವರ್ ತುರುಕಲಿಲ್ಲ. ಮರದ ಕೊಡತಿಯಲ್ಲಿ ಸುತ್ತ ತಟ್ಟಿ ತಟ್ಟಿ ತೆಗೆದೆ.

ಫಿಟ್ಟರ್ ಸರ್, ನೀವು ಹೇಳಿದ್ದೇ ನಿಜ. 1, 2, 4 ಸಿಲಿಂಡರ್ ಕನ್ನಡಿ ಹಾಗಿವೆ. 3ರಲ್ಲಿ ಪಿಸ್ಟನ್ ನಿಂತ ಜಾಗದಿಂದ ಮೇಲಕ್ಕೆ ಗೋಡೆ ಕೆಂಪು. ಒರೆಸಿದ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಗುಳಿಗಳು ಕಂಡವು. ಉಗುರು ಆಡಿಸಿದರೆ ತಡೆಯುತ್ತದೆ.

ಹಳೇ ಫಿಟ್ಟರ್, ದಾವಣಗೆರೆ

ಪಿಸ್ಟನ್ ಹೊರಗೆ ತೆಗೆಯುವ ಮುಂಚೆ ಇದನ್ನು ಓದಿ.

ಬೋರಿನ, ಅಂದರೆ ಸಿಲಿಂಡರ್ ತೂತಿನ, ಮೇಲಿನ ತುದಿಯಲ್ಲಿ ಬೆರಳಾಡಿಸಿ. ಒಂದು ಸಣ್ಣ ಮೆಟ್ಟಿಲು ಸಿಗುತ್ತದೆ. ಮೇಲಿನ ರಿಂಗ್ ಮುಟ್ಟದ ಜಾಗ ಅದು, ಸವೆಯದೆ ಹಾಗೇ ಉಳಿದಿದೆ. ಅದನ್ನು ಕೆರೆದು ತೆಗೆಯದೆ ಪಿಸ್ಟನ್ ಮೇಲಕ್ಕೆ ದಬ್ಬಿದರೆ ರಿಂಗಿನ ಮನೆ ಮುರಿಯುತ್ತದೆ. ಹಳೇ ಪಿಸ್ಟನ್ನಿಗೆ ಹೊಸ ರಿಂಗ್ ಹಾಕುವವರೂ ಇದನ್ನು ಮರೆಯಬಾರದು. ಹೊಸ ರಿಂಗಿನ ಅಂಚು ಚೂಪಾಗಿರುತ್ತದೆ, ಮೆಟ್ಟಿಲಿಗೆ ಬಡಿದು ತುಂಡಾಗುತ್ತದೆ.

ಈ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳ ತುದಿ ಓರೆಯಾಗಿ ಕತ್ತರಿಸಿರುತ್ತದೆ. ರಾಡು ಬೋರಿನ ಒಳಗಿನಿಂದಲೇ ಮೇಲೆ ಬರಲಿ ಅಂತ ಹಾಗೆ ಮಾಡಿದ್ದು. ಕ್ಯಾಪು ಮತ್ತು ರಾಡಿನ ಮೇಲಿನ ನಂಬರ್ ನೋಡಿ ಜೋಡಿ ಮಾಡಿಡಿ. ಒಂದರ ಕ್ಯಾಪ್ ಇನ್ನೊಂದಕ್ಕೆ ಯಾವತ್ತೂ ಬೇಡ.

ಆಮೇಲೆ ಅಳತೆ. ಬೋರ್ ಗೇಜ್ ಇಲ್ಲದಿದ್ದರೆ ಯಾರದಾದರೂ ಕೇಳಿ ತನ್ನಿ. ಹೊಸ ಬೋರ್ 73.025 ಮಿಮೀ, ಅಂದರೆ ಎರಡು ಮುಕ್ಕಾಲು ಇಂಚು ಮತ್ತು 125 ಥೌ. ಒಂದು ಥೌ ಅಂದರೆ ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು. ಮೇಲೆ, ನಡುವೆ, ಕೆಳಗೆ. ಒಂದೊಂದು ಕಡೆಯೂ ಎರಡು ಸಲ, ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಹೀಗೆ ಒಂದು ಸಿಲಿಂಡರಿಗೆ ಆರು ಅಳತೆ. ಹಾಳೆಯಲ್ಲಿ ಬರೆದು ಇಲ್ಲಿ ಹಾಕಿ.

ಪದ್ಮಿನಿ, ಶಿವಮೊಗ್ಗ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಪ್ರೀಮಿಯರ್ ಪದ್ಮಿನಿ, 1089 ಸಿಸಿ. ನನ್ನ ಗಾಡಿ ನೀರು ಕುಡಿಯುತ್ತಿದೆ, ಹೆಡ್ ಗ್ಯಾಸ್ಕೆಟ್ ಅಂತಾರೆ. ಅದಕ್ಕೂ ಇದೇ ಕ್ರಮವಾ?

ಹಳೇ ಫಿಟ್ಟರ್, ದಾವಣಗೆರೆ

ಕ್ರಮ ಇದೇ ಅಮ್ಮಾ, ಆದರೆ ನಿಮ್ಮದು ಅಲ್ಯೂಮಿನಿಯಂ ಹೆಡ್. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ರಾತ್ರಿ ಬಿಟ್ಟು ಬೆಳಿಗ್ಗೆ ಬಿಚ್ಚಿ. ಬಿಸಿ ಇರುವಾಗ ಬಿಚ್ಚಿದರೆ ಹೆಡ್ ಸೊಟ್ಟಗಾಗುತ್ತದೆ. ಬಿಚ್ಚಿದ ಮೇಲೆ ನೇರ ಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜ್ ತೂರುತ್ತದಾ ನೋಡಿ. ಸೊಟ್ಟ ಇದ್ದರೆ ಗ್ಯಾಸ್ಕೆಟ್ ಬದಲಾಯಿಸಿ ಪ್ರಯೋಜನ ಇಲ್ಲ, ಮೊದಲು ಹೆಡ್ ಮಟ್ಟ ಮಾಡಿಸಬೇಕು. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ಮೂಡಿಗೆರೆ ಮಾರ್ಕ್ 4

ಅಳತೆ ಆಯಿತು. ಅತಿ ಜಾಸ್ತಿ ಸವೆತ 1ರಲ್ಲಿ 4 ಥೌ, 2ರಲ್ಲಿ ಮೂರೂವರೆ, 4ರಲ್ಲಿ 4. ಕೆಳಗಡೆ ಮೂರೂ ಹೆಚ್ಚುಕಡಿಮೆ ಹೊಸ ಅಳತೆಯಲ್ಲೇ ಇವೆ. 3ರಲ್ಲಿಯೂ ಸವೆತ ಅಷ್ಟೇ, ಆದರೆ ಗುಳಿಗಳಿವೆ. ಬ್ಲಾಕ್ ಇನ್ನೂ ಸ್ಟ್ಯಾಂಡರ್ಡ್. ಯಾರೂ ಇದುವರೆಗೆ ಬೋರ್ ಮಾಡಿಸಿಲ್ಲ.

ಕ್ರ್ಯಾಂಕ್: ಅದು ಬ್ಲಾಕಿನಲ್ಲಿ ಕೂತು ತಿರುಗುವ ಮೂರು ಮೇನ್ ಜರ್ನಲ್ ಚೆನ್ನಾಗಿವೆ, 2 ಇಂಚಿಗೆ ಸರಿಯಾಗಿವೆ. ಕನೆಕ್ಟಿಂಗ್ ರಾಡ್ ಕೂರುವ ಬಿಗ್ ಎಂಡ್‌ಗಳಲ್ಲಿ 3ನೆಯದು ಎರಡೂವರೆ ಥೌ ಅಂಡಾಕಾರ ಆಗಿದೆ. ಬೇರಿಂಗ್ ಮೇಲೆ ಗೀರು.

ಈಗ ಹೇಳಿ, ನಾಲ್ಕೂ ಬೋರ್ ಮಾಡಿಸಬೇಕಾ?

ರಾಜಾಜಿನಗರ ರೈಡರ್

ಮಾಡಿಸಿಬಿಡಿ. ಎಂಜಿನ್ ಹೇಗೂ ಬಿಚ್ಚಿದ್ದೀರಿ. ನಾಲ್ಕೂ 20 ಥೌ ಬೋರ್, ಹೊಸ ಪಿಸ್ಟನ್. ಎಲ್ಲ ಒಂದೇ ಸಮ.

ಲೇತ್ ಮನೆ, ಹುಬ್ಬಳ್ಳಿ

ನನ್ನ ಕಸುಬೇ ಬೋರಿಂಗ್. ಆದರೂ ಬೇಡ ಅಂತೀನಿ.

ಈ ಬ್ಲಾಕಿಗೆ 10, 20, 30, 40 ಥೌ ಓವರ್‌ಸೈಜ್, ಅಂದರೆ ಅಷ್ಟು ದೊಡ್ಡ ಪಿಸ್ಟನ್‌ಗಳು, ಇವೆ. ಈಗಲೇ 20ಕ್ಕೆ ಹೋದರೆ ಮುಂದೆ ಉಳಿಯೋದು ಎರಡೇ ಸಲ. 2014ರಲ್ಲಿ ಉತ್ತರಪಾರಾ ಕಾರ್ಖಾನೆ ನಿಂತಿತು. ಹೊಸ ಬ್ಲಾಕ್ ಇನ್ನು ಬರುವುದಿಲ್ಲ. ಮೂರು ಸಿಲಿಂಡರ್‌ನಲ್ಲಿ 4 ಥೌ ಸವೆತಕ್ಕೆ ಕಬ್ಬಿಣ ಕತ್ತರಿಸಿ ಹಾಕೋದು ನನ್ನ ಮನಸ್ಸಿಗೆ ಒಪ್ಪೋದಿಲ್ಲ. ನಮ್ಮಲ್ಲಿ ಬೋರ್‌ಗೆ ಕೈ ಹಾಕೋದು 8 ಥೌ ದಾಟಿದ ಮೇಲೆ.

3ಕ್ಕೆ ಮಾತ್ರ ಒಂದು ಸ್ಲೀವ್, ಅಂದರೆ ಒಳಗೆ ಕೂರೋ ಹೊಸ ಕೊಳವೆ, ಹೊಡೆಸಿ, ಸ್ಟ್ಯಾಂಡರ್ಡ್ ಅಳತೆಗೆ ಬೋರ್ ಮಾಡಿಸಿ. ನಿಮ್ಮ ಹಳೇ 3ನೇ ಪಿಸ್ಟನ್ ಕೈಯಲ್ಲೇ ತೆಗೆದುಕೊಂಡು ಹೋಗಿ ಕೊಡಿ, ಆ ಪಿಸ್ಟನ್ನಿಗೆ ಹೊಂದುವ ಹಾಗೆ ಬೋರ್ ಆಗಲಿ. ಉಳಿದ ಮೂರಕ್ಕೆ ಮೆಟ್ಟಿಲು ತೆಗೆದು, ಹೋನಿಂಗ್, ಅಂದರೆ ಕಲ್ಲಿನಲ್ಲಿ ಸಣ್ಣಗೆ ಉಜ್ಜೋದು, ಸಾಕು. ಹೋನಿಂಗ್ ಗೀರು ಒಂದರ ಮೇಲೊಂದು ಓರೆಯಾಗಿ ಹೆಣೆದ ಹಾಗೆ ಬರಬೇಕು. ಆ ಗೀರಿನಲ್ಲಿ ಎಣ್ಣೆ ನಿಲ್ಲುತ್ತದೆ, ಹೊಸ ರಿಂಗ್ ಅಲ್ಲೇ ಕೂರುತ್ತದೆ.

ಕ್ರ್ಯಾಂಕ್ ಬಿಗ್ ಎಂಡ್ ಮಾತ್ರ 10 ಥೌ ಗ್ರೈಂಡ್. ಮೇನ್ ಮುಟ್ಟಬೇಡಿ, ಹೊಸ ಸ್ಟ್ಯಾಂಡರ್ಡ್ ಬೇರಿಂಗ್ ಹಾಕಿ.

ಹಳೇ ಫಿಟ್ಟರ್, ದಾವಣಗೆರೆ

ಹುಬ್ಬಳ್ಳಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ರಿಂಗ್ ಗ್ಯಾಪ್ ಬಗ್ಗೆ ಒಂದು ಸೇರಿಸುತ್ತೇನೆ. ರಿಂಗನ್ನು ಬೋರಿನ ಕೆಳಗಡೆ, ಸವೆಯದ ಜಾಗದಲ್ಲಿ ಇಟ್ಟು ಗ್ಯಾಪ್ ನೋಡಿ. 8ರಿಂದ 13 ಥೌ ಇರಲಿ. ಮೇಲ್ಗಡೆ ಇಟ್ಟು ಅಳೆದು ಸರಿ ಮಾಡಿದರೆ, ಪಿಸ್ಟನ್ ಕೆಳಗೆ ಬಂದಾಗ ರಿಂಗಿನ ಎರಡು ತುದಿ ಒಂದಕ್ಕೊಂದು ತಾಗಿ ಬೋರ್ ಕಚ್ಚುತ್ತದೆ. 4 ಥೌ ಅಗಲವಾದ ಕಡೆ ಗ್ಯಾಪ್ 12 ಥೌ ಜಾಸ್ತಿ ಕಾಣುತ್ತದೆ, ಗಾಬರಿ ಬೇಡ.

ಕೊವೆಂಟ್ರಿ ಕನ್ನಡಿಗ

ಮೂಡಿಗೆರೆಯವರೇ, ಬೇರಿಂಗ್, ಗ್ಯಾಸ್ಕೆಟ್ ಸೆಟ್ ಸಿಗದಿದ್ದರೆ ಹೇಳಿ. ನಿಮ್ಮ ಎಂಜಿನ್ ಇಲ್ಲಿಯದೇ, ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇದೇ 1489 ಸಿಸಿ. ಅದನ್ನು ಇಲ್ಲಿ ಜನ ಇನ್ನೂ ಓಡಿಸುತ್ತಾರೆ, ಆದ್ದರಿಂದ ಸಾಮಾನು ಇನ್ನೂ ತಯಾರಾಗುತ್ತಿದೆ. ಆದರೆ ಕಣ್ಣುಮುಚ್ಚಿ ತರಿಸಬೇಡಿ. ಎಂಜಿಎ ಆದ ಮೇಲೆ ಬಂದ ಎಂಜಿಬಿ ಕಾರಿನ 1798 ಸಿಸಿ ಕೂಡ ಬಿ ಸೀರೀಸ್, ಅದರಲ್ಲಿ ಆಮೇಲೆ ಬಂದವು ಐದು ಮೇನ್ ಬೇರಿಂಗಿನವು. ನಿಮ್ಮದು ಮೂರು. ಜರ್ನಲ್ ಅಳತೆ ಬರೆದು ಕಳಿಸಿ, ನಾನು ತಾಳೆ ನೋಡುತ್ತೇನೆ. ಡಿಸೆಂಬರ್‌ನಲ್ಲಿ ಹಾಸನಕ್ಕೆ ಬರುತ್ತಿದ್ದೇನೆ, ಕೈಯಲ್ಲೇ ತಂದುಕೊಡುತ್ತೇನೆ.

ಮೂಡಿಗೆರೆ ಮಾರ್ಕ್ 4

ಕೊವೆಂಟ್ರಿ ಅಣ್ಣ, ತುಂಬಾ ಉಪಕಾರ. ಅಳತೆ ಕಳಿಸಿದ್ದೇನೆ.

ಹೆಡ್ ವಿಷಯ. ವಾಲ್ವ್ ತೆಗೆದು ನೋಡಿದೆ. ಎಕ್ಸಾಸ್ಟ್ ವಾಲ್ವ್ ಕೂರುವ ಜಾಗ, ಅದರಲ್ಲೂ 4 ಮತ್ತು 5, ಒಳಗೆ ಇಳಿದುಹೋಗಿವೆ. ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜಿದರೆ ಸಾಕಾ?

ಹಳೇ ಫಿಟ್ಟರ್, ದಾವಣಗೆರೆ

ಸಾಲದು. 2 ಮತ್ತು 3ನೇ ಸಿಲಿಂಡರ್‌ಗೆ ಎಕ್ಸಾಸ್ಟ್ ಬಾಯಿ ಒಂದೇ, ನಡುವಿನದು. ಎರಡು ಸಿಲಿಂಡರ್ ಬೆಂಕಿ ಅಲ್ಲೇ ಹೋಗೋದು. 4 ಮತ್ತು 5 ಅದಕ್ಕೇ ಮೊದಲು ಸಾಯುತ್ತವೆ.

ಇನ್ನೊಂದು ಕಾರಣ ಪೆಟ್ರೋಲ್. ಈ ಎಂಜಿನ್ ಮಾಡಿದ ಕಾಲಕ್ಕೆ ಪೆಟ್ರೋಲಿನಲ್ಲಿ ಸೀಸ ಇತ್ತು. ಅದು ವಾಲ್ವ್ ಮತ್ತು ಸೀಟಿನ ಮಧ್ಯೆ ತೆಳ್ಳಗೆ ಕೂತು ಕಾಪಾಡುತ್ತಿತ್ತು. 2000ದ ಫೆಬ್ರವರಿ 1ರಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ. ಸೀಸ ಹೋಗಿದ್ದು ನಮ್ಮ ಮಕ್ಕಳಿಗೆ ಒಳ್ಳೆಯದೇ ಆಯಿತು. ಆದರೆ ಹೆಡ್ಡಿನ ಬೀಡು ಕಬ್ಬಿಣದಲ್ಲೇ ಕೊರೆದ ಸೀಟು ಅದಿಲ್ಲದೆ ಮೆಲ್ಲಗೆ ತಿಂದುಹೋಗುತ್ತದೆ. ನಾಲ್ಕು ಎಕ್ಸಾಸ್ಟ್‌ಗೂ ಗಟ್ಟಿ ಸೀಟ್ ರಿಂಗ್ ಹೊಡೆಸಿಬಿಡಿ. ಇನ್‌ಲೆಟ್‌ಗೆ ಬೇಡ, ಪೇಸ್ಟ್ ಸಾಕು.

ಹಾಗೇ ಈಗ ಬರೋದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಪಂಪಿನ ಡಯಾಫ್ರಂ, ರಬ್ಬರ್ ಪೈಪ್, ಎಲ್ಲ ಹೊಸ ನಮೂನೆಯ ರಬ್ಬರಿನದು ಹಾಕಿ. ಹಳೇ ರಬ್ಬರ್ ಅದರಲ್ಲಿ ಉಬ್ಬಿ ಒಡೆಯುತ್ತದೆ. ಗಾಡಿ ನಿಲ್ಲಿಸೋದಾದರೆ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬೇಡಿ, ನೀರು ಹೀರಿಕೊಳ್ಳುತ್ತದೆ.

ಮೂಡಿಗೆರೆ ಮಾರ್ಕ್ 4

ಬ್ಲಾಕು, ಕ್ರ್ಯಾಂಕು ಲೇತ್ ಅಂಗಡಿಯಿಂದ ಬಂದವು. ಪಳಪಳ ಹೊಳೆಯುತ್ತಿವೆ. ಅವರೇ ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆದು ಕೊಟ್ಟಿದ್ದಾರೆ. ಬೇರಿಂಗೂ ಬಂದಿದೆ. ನಾಳೆ ಭಾನುವಾರ, ಜೋಡಿಸೋಕೆ ಕೂರಲಾ?

ಹಳೇ ಫಿಟ್ಟರ್, ದಾವಣಗೆರೆ

ಬೇಡ. ದಯವಿಟ್ಟು ಬೇಡ. ನಾಳೆ ಪೂರ್ತಿ ತೊಳೆಯೋಕೆ ಇಟ್ಟುಕೊಳ್ಳಿ.

ಹೋನಿಂಗ್ ಕಲ್ಲಿನ ಪುಡಿ ಬೋರಿನ ಗೀರುಗಳ ಒಳಗೆ ಕೂತಿರುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಅದನ್ನು ಎತ್ತುವುದಿಲ್ಲ, ಇನ್ನೂ ಒಳಗೆ ಅದುಮುತ್ತವೆ. ಬಿಸಿನೀರು, ಬಟ್ಟೆ ಸೋಪಿನ ಪುಡಿ, ಗಟ್ಟಿ ಬ್ರಷ್. ನೊರೆ ಬರೋ ಹಾಗೆ ಉಜ್ಜಬೇಕು. ಆಮೇಲೆ ಒರೆಸಿ, ತಕ್ಷಣ ಎಂಜಿನ್ ಎಣ್ಣೆ ಸವರಿ, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆ ಬೂದು ಬಣ್ಣ ಬಂದರೆ ಮತ್ತೆ ಮೊದಲಿಂದ.

ಎಣ್ಣೆ ದಾರಿ ಇನ್ನೂ ಮುಖ್ಯ. ಬ್ಲಾಕಿನ ಉದ್ದಕ್ಕೂ ಒಂದು ಎಣ್ಣೆ ಕಾಲುವೆ ಓಡುತ್ತದೆ. ಅದರ ತುದಿಯ ಪ್ಲಗ್ ತೆಗೆಸಿದ್ದಾರಾ? ಕ್ರ್ಯಾಂಕಿನಲ್ಲೂ ಮೇನ್‌ನಿಂದ ಬಿಗ್ ಎಂಡಿಗೆ ಓರೆ ತೂತು ಇದೆ. ಗ್ರೈಂಡಿಂಗ್ ಪುಡಿ ಅಡಗೋದು ಅಲ್ಲೇ. ಗಾಳಿ ಹೊಡೆದರೆ ಹೋಗುವುದಿಲ್ಲ. ಉದ್ದ ಬ್ರಷ್ ತೂರಿಸಬೇಕು. ಮೊದಲ ಸಲ ಎಂಜಿನ್ ತಿರುಗಿದಾಗ ಆ ಪುಡಿ ಎಣ್ಣೆ ಜೊತೆ ಹೊರಟು ನೇರ ಹೊಸ ಬೇರಿಂಗಿಗೆ ಬರುತ್ತದೆ. ಹೊಸ ಕೆಲಸ ಆದ ಎಂಜಿನ್ ಬೇಗ ಮತ್ತೆ ಬಡಿಯೋಕೆ ಶುರು ಮಾಡಿದ್ದನ್ನು ನಾನು ಎಷ್ಟೋ ನೋಡಿದ್ದೇನೆ. ಬಿಚ್ಚಿದರೆ ಬೇರಿಂಗ್ ತುಂಬ ಈ ಪುಡಿಯೇ.

ಮೂಡಿಗೆರೆ ಮಾರ್ಕ್ 4

ನಿನ್ನೆ ನಡೆದದ್ದನ್ನು ಬರೆಯಲೇಬೇಕು.

ಬಚ್ಚಲ ಹಂಡೆಗೆ ಬೆಳಿಗ್ಗೆಯೇ ಬೆಂಕಿ ಹಾಕಿದೆವು. ಬ್ಲಾಕನ್ನು ಅಂಗಳದ ಕಲ್ಲಿನ ಮೇಲೆ ಇಟ್ಟು, ಕುದಿಯೋ ನೀರು ಸುರಿದು, ಸೋಪಿನ ಪುಡಿ ಹಾಕಿ ಉಜ್ಜಿದೆ. ಮೊದಲ ಸಲ ಇಳಿದ ನೀರು ಸ್ಲೇಟಿನ ಬಣ್ಣ. ತೊಳೆದು, ಎಣ್ಣೆ ಸವರಿ, ಅಪ್ಪನ ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಒರೆಸಿದೆ. ಕಣ್ಣಿಗೆ ಕ್ಲೀನ್ ಕಾಣುತ್ತಿದ್ದ ಬೋರಿನಿಂದ ಬಟ್ಟೆಗೆ ಬೂದು ಪಟ್ಟೆ ಬಂತು. ಎರಡನೇ ಸಲ ಸ್ವಲ್ಪ ಕಮ್ಮಿ. ಮೂರು, ನಾಲ್ಕು. ಐದನೇ ಸಲ ಬಟ್ಟೆಯಲ್ಲಿ ಎಣ್ಣೆಯ ಹಳದಿ ಬಿಟ್ಟರೆ ಏನೂ ಇಲ್ಲ.

ಆಮೇಲೆ ಎಣ್ಣೆ ಕಾಲುವೆ. ಪ್ಲಗ್ ಯಾರೂ ತೆಗೆದಿರಲಿಲ್ಲ. ಮೇಲಿನ ಪೇಂಟ್ ಹಾಗೇ ಇತ್ತು. ಪ್ಲಗ್ ತೆಗೆದು, ಬಾಟಲಿ ತೊಳೆಯೋ ಬ್ರಷ್ಷಿಗೆ ತಂತಿ ಕಟ್ಟಿ ತೂರಿಸಿದೆ. ಈಚೆ ಬಂದಿದ್ದು ಕಾಡಿಗೆ ಹಾಗೆ ಕಪ್ಪು ಮುದ್ದೆ. ಬೆರಳಿನಲ್ಲಿ ಉಜ್ಜಿದರೆ ಮರಳಿನ ಹಾಗೆ ಕರಕರ. ಬಿಸಿಲಿಗೆ ಹಿಡಿದರೆ ಸಣ್ಣ ಸಣ್ಣ ಮಿಂಚು. ಕ್ರ್ಯಾಂಕಿನ 3ನೇ ಬಿಗ್ ಎಂಡ್ ತೂತಿನಿಂದಲೂ ಅದೇ ಬಂತು, ಕಡಲೆ ಕಾಳಿನಷ್ಟು. ಅದನ್ನು ಒಂದು ಕಾಗದದ ಮೇಲೆ ಇಟ್ಟು ಅಪ್ಪನಿಗೆ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು.

ಫಿಟ್ಟರ್ ಸರ್, ನೀವು ತಡೆಯದಿದ್ದರೆ ಅದೆಲ್ಲ ಈಗ ಬೇರಿಂಗ್ ಒಳಗೆ ಇರುತ್ತಿತ್ತು.

ಲೇತ್ ಮನೆ, ಹುಬ್ಬಳ್ಳಿ

ನಮ್ಮ ಕಸುಬಿನವರು ಪ್ಲಗ್ ತೆಗೆದು ತೊಳೆದು ಕೊಡಬೇಕು. ಎಷ್ಟೋ ಕಡೆ ಕೊಡುವುದಿಲ್ಲ, ನನಗೆ ಬೇಸರ ಆಗುತ್ತದೆ. ಕೆಲಸ ಕೊಡುವಾಗಲೇ ಪ್ಲಗ್ ತೆಗೆದ ಬ್ಲಾಕ್ ಕೊಡಿ, ಪ್ಲಗ್ ನೀವೇ ಇಟ್ಟುಕೊಳ್ಳಿ. ಆಗ ಮರೆಯೋ ಮಾತೇ ಇಲ್ಲ.

ಮೂಡಿಗೆರೆ ಮಾರ್ಕ್ 4

ಜೋಡಣೆ ಶುರು. ಮೇನ್ ಬೇರಿಂಗ್ ಕೂರಿಸಿದೆ. ನಡುವಿನ ಮೇನ್ ಹತ್ತಿರ ಬರೋ ಥ್ರಸ್ಟ್ ವಾಷರ್, ಎಣ್ಣೆ ಗೆರೆ ಇರೋ ಮುಖ ಕ್ರ್ಯಾಂಕ್ ಕಡೆಗೆ. ಕ್ರ್ಯಾಂಕ್ ಹಿಂದೆ ಮುಂದೆ ಆಟ 3 ಥೌ ಬಂತು. ಒಂದೊಂದು ಕ್ಯಾಪ್ ಬಿಗಿ ಮಾಡಿದ ಮೇಲೂ ಕೈಯಲ್ಲಿ ತಿರುಗಿಸಿ ನೋಡಿದೆ. ಒಂದು ಬೆರಳಿಗೆ ತಿರುಗುತ್ತದೆ.

ಒಂದು ಅನುಮಾನ. ಕ್ರ್ಯಾಂಕಿನ ಹಿಂದೆ, ಫ್ಲೈವೀಲ್ ಕಡೆ, ಆಯಿಲ್ ಸೀಲ್ ಸಿಗುತ್ತಿಲ್ಲ. ಗ್ಯಾಸ್ಕೆಟ್ ಸೆಟ್‌ನಲ್ಲೂ ಇಲ್ಲ.

ಹಳೇ ಫಿಟ್ಟರ್, ದಾವಣಗೆರೆ

ಅಲ್ಲಿ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ಸ್ಕ್ರೂ ಮರೆಯ ಹಾಗೆ ಗೆರೆ ಕೊರೆದಿದೆ ನೋಡಿ. ತಿರುಗುವಾಗ ಆ ಗೆರೆ ಎಣ್ಣೆಯನ್ನು ಒಳಕ್ಕೆ ಎಳೆಯುತ್ತದೆ. ನಿಂತಾಗ ಎರಡು ಹನಿ ಬೀಳುತ್ತದೆ. ಬೆಲ್ ಹೌಸಿಂಗ್ ಕೆಳಗೆ ಸಣ್ಣ ತೂತು, ಅದರಲ್ಲಿ ಸ್ಪ್ಲಿಟ್ ಪಿನ್ ಇರೋದು ಆ ಹನಿಗೇ. ಅಂಬಾಸಿಡರ್ ನಿಂತ ಕಡೆ ನೆಲದಲ್ಲಿ ಕಪ್ಪು ಚುಕ್ಕೆ ಇರೋದು ಇದಕ್ಕೇ. ಜಾಸ್ತಿ ಸುರಿದರೆ ಮಾತ್ರ ತಪ್ಪು. ಆಗ ಮೊದಲು ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪ್ ಕಟ್ಟಿದೆಯಾ ನೋಡಿ. ಒಳಗೆ ಒತ್ತಡ ಹೆಚ್ಚಾದರೆ ಎಣ್ಣೆ ಅಲ್ಲೇ ದಾರಿ ಹುಡುಕುತ್ತದೆ.

ಮೂಡಿಗೆರೆ ಮಾರ್ಕ್ 4

ಟೈಮಿಂಗ್ ಚೈನ್ ಆಯಿತು, ಎರಡು ಹಲ್ಲುಚಕ್ರದ ಚುಕ್ಕೆ ಎದುರು ಬದುರು. ಹೆಡ್ ಗ್ಯಾಸ್ಕೆಟ್ ಮೇಲೆ ಯಾವ ಕಡೆ ಮುಂದೆ, ಯಾವುದು ಮೇಲೆ ಅಂತ ಅಚ್ಚು ಹಾಕಿದ್ದಾರೆ, ಹಾಗೇ ಇಟ್ಟೆ. ಹೆಡ್ ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್ ಹಿಡಿದು ಬಿಗಿ ಮಾಡಿದೆ. ಟ್ಯಾಪೆಟ್, ಅಂದರೆ ವಾಲ್ವಿನ ತುದಿಯ ಸಂದು, ಎಷ್ಟು ಇಡಲಿ, ಹೇಗೆ ಇಡಲಿ?

ಹಳೇ ಫಿಟ್ಟರ್, ದಾವಣಗೆರೆ

15 ಥೌ, ಎಂಟಕ್ಕೂ. ಲೆಕ್ಕ ಸುಲಭ, ಒಂಬತ್ತರ ಲೆಕ್ಕ. 8ನೇ ವಾಲ್ವ್ ಪೂರ್ತಿ ಒತ್ತಿಕೊಂಡಾಗ 1ನೆಯದನ್ನು ಸೆಟ್ ಮಾಡಿ. 6 ಒತ್ತಿಕೊಂಡಾಗ 3. 4 ಒತ್ತಿಕೊಂಡಾಗ 5. ಯಾವಾಗಲೂ ಎರಡೂ ಕೂಡಿದರೆ 9.

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್ ಗ್ಯಾಪ್ 15 ಥೌ, ಪ್ಲಗ್ 25. ಎಣ್ಣೆ 20ಡಬ್ಲ್ಯು-50, ಮಿನರಲ್. ಈ ಎಂಜಿನ್ನಿಗೆ ತೆಳು ಎಣ್ಣೆ ಬೇಡ.

ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ಬಿಚ್ಚಿಟ್ಟು, ಆಯಿಲ್ ಪ್ರೆಷರ್ ಬರುವವರೆಗೂ ಸೆಲ್ಫ್‌ನಲ್ಲಿ ತಿರುಗಿಸಿ. ಮಧ್ಯೆ ಮಧ್ಯೆ ಸೆಲ್ಫ್ ತಣ್ಣಗಾಗಲಿ. ಒಣ ಬೇರಿಂಗ್ ಮೇಲೆ ಎಂಜಿನ್ ಹೊತ್ತಿಸಬಾರದು.

ಮೂಡಿಗೆರೆ ಮಾರ್ಕ್ 4

ಎಂಜಿನ್ ಗಾಡಿ ಒಳಗೆ ಕೂತಿದೆ. ಪ್ಲಗ್ ಇಲ್ಲದೆ ತಿರುಗಿಸಿದಾಗ ಪ್ರೆಷರ್ ಬಂತು. ಆದರೆ ಸ್ಟಾರ್ಟ್ ಆಗುತ್ತಿಲ್ಲ. ಸೆಲ್ಫ್ ಹೊಡೆದರೆ ಕಾರ್ಬ್ಯುರೇಟರ್ ಬಾಯಿಂದ ಢಂ ಅಂತ ಬೆಂಕಿ ಬರುತ್ತದೆ. ಟೈಮಿಂಗ್ ಗುರುತು ಸರಿ ಇದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಹೊತ್ತಿಕೊಳ್ಳೋ ಕ್ರಮ, 1-3-4-2, ವೈರ್ ಕೂಡ ಸರಿ.

ಹಳೇ ಫಿಟ್ಟರ್, ದಾವಣಗೆರೆ

1ನೇ ಪಿಸ್ಟನ್ ಮೇಲೆ ಬರೋದು ಎರಡು ಸಲ. ಒಂದು ಕಂಪ್ರೆಷನ್, ಇನ್ನೊಂದು ಎಕ್ಸಾಸ್ಟ್ ಮುಗಿದಾಗ. ನೀವು ಡಿಸ್ಟ್ರಿಬ್ಯೂಟರ್ ಹೊಂದಿಸಿದ್ದು ಎರಡನೆಯದಕ್ಕೆ ಅಂತ ಕಾಣುತ್ತದೆ. ಟ್ಯಾಪೆಟ್ ಕವರ್ ತೆಗೆದು, ಕ್ರ್ಯಾಂಕ್ ಪುಲ್ಲಿ ಗುರುತಿಗೆ ತನ್ನಿ. 4ನೇ ಸಿಲಿಂಡರ್‌ನ ಎರಡು ವಾಲ್ವ್, ಅಂದರೆ 7 ಮತ್ತು 8, ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ತೂಗುತ್ತಿರಬೇಕು. ಆಗ 1ನೆಯದು ಕಂಪ್ರೆಷನ್. ತೂಗುತ್ತಿರೋದು 1 ಮತ್ತು 2 ಆದರೆ ಅರ್ಧ ಸುತ್ತು ತಪ್ಪಿದೆ.

ಮೂಡಿಗೆರೆ ಮಾರ್ಕ್ 4

ತೂಗುತ್ತಿದ್ದದ್ದು 1 ಮತ್ತು 2. ಡಿಸ್ಟ್ರಿಬ್ಯೂಟರ್ ಡ್ರೈವ್ ತೆಗೆದು ಸರಿ ಮಾಡಿದೆ.

ಇವತ್ತು ಸಂಜೆ 5 ಗಂಟೆಗೆ ಸ್ಟಾರ್ಟ್ ಆಯಿತು. ಎರಡನೇ ಸೆಲ್ಫ್‌ಗೆ. ಮೊದಲು ಬಿಳಿ ಹೊಗೆ, ಜೋಡಿಸುವಾಗ ಸವರಿದ ಎಣ್ಣೆ ಸುಟ್ಟಿದ್ದು, ಹತ್ತು ನಿಮಿಷಕ್ಕೆ ನಿಂತಿತು. ಎಣ್ಣೆ ಪ್ರೆಷರ್ 55. ಅಪ್ಪ ಬಾನೆಟ್ ಹತ್ತಿರ ನಿಂತು ಕೇಳಿಸಿಕೊಂಡು, "ಟ್ಯಾಪೆಟ್ ಸದ್ದು ಹೊಸದರಲ್ಲಿ ಹೀಗೇ ಇತ್ತು" ಅಂದರು. ಅಮ್ಮ ಒಳಗಿನಿಂದ ಆರತಿ ತಟ್ಟೆ ತಂದರು.

ಹಳೇ ಫಿಟ್ಟರ್, ದಾವಣಗೆರೆ

ತುಂಬಾ ಸಂತೋಷ. ಇನ್ನೂ ಕೆಲಸ ಇದೆ.

ಸುಮ್ನೆ ಐಡಲ್‌ನಲ್ಲಿ ಗಂಟೆಗಟ್ಟಲೆ ಬಿಡಬೇಡಿ. ರಿಂಗ್ ಬೋರಿಗೆ ಕೂರಬೇಕಾದರೆ ಹಿಂದಿನಿಂದ ಗ್ಯಾಸ್ ಒತ್ತಬೇಕು, ಅದಕ್ಕೆ ಲೋಡ್ ಬೇಕು. ರಸ್ತೆಗೆ ಹೋಗಿ, ಸ್ವಲ್ಪ ಎಳೆಸಿ, ಆಕ್ಸಿಲರೇಟರ್ ಬಿಡಿ, ಮತ್ತೆ ಎಳೆಸಿ. ಒಂದೇ ಸ್ಪೀಡ್ ಬೇಡ. ಚಾರ್ಮಾಡಿ ಘಾಟಿ ಈಗಲೇ ಬೇಡ.

ಎಂಜಿನ್ ಒಮ್ಮೆ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ ಇನ್ನೊಮ್ಮೆ ಬಿಗಿ ನೋಡಿ. ಇದರಲ್ಲಿ ನಾಲ್ಕು ಹೆಡ್ ನಟ್‌ಗಳೇ ವಾಲ್ವ್ ಒತ್ತುವ ರಾಕರ್‌ಗಳ ಕಂಬವನ್ನೂ ಹಿಡಿಯುತ್ತವೆ. ಹಾಗಾಗಿ ಬಿಗಿ ಮಾಡಿದ ಮೇಲೆ ಟ್ಯಾಪೆಟ್ ಮತ್ತೆ ಸೆಟ್ ಮಾಡಲೇಬೇಕು. 500 ಕಿ.ಮೀ.ಗೆ ಎಣ್ಣೆ ಬದಲಾಯಿಸಿ.

ಇನ್ನೊಂದು. 11 ವರ್ಷ ನಿಂತ ಗಾಡಿ. ಬ್ರೇಕ್ ಹೋಸ್ ನೋಡಿದ್ರಾ? ಅಪ್ಪನನ್ನು ಕೂರಿಸಿಕೊಂಡು ಹೋಗುವ ಮುಂಚೆ ನಾಲ್ಕೂ ಚಕ್ರ ಬಿಚ್ಚಿ.

ಮೂಡಿಗೆರೆ ಮಾರ್ಕ್ 4

ಬಿಚ್ಚಿದೆ. ಹೋಸ್ ಮಡಚಿದರೆ ಬಿರುಕು ಕಾಣುತ್ತಿತ್ತು. ಮೂರೂ ಹೊಸದು ಹಾಕಿದೆ, ಜೊತೆಗೆ ವೀಲ್ ಸಿಲಿಂಡರ್ ರಬ್ಬರ್ ಕೂಡ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

500 ಕಿ.ಮೀ. ಎಣ್ಣೆ ಇಳಿಸಿ ಅದೇ ಪಂಚೆ ತುಂಡಿನಲ್ಲಿ ಸೋಸಿದೆ. ಸೂಜಿಮೊನೆಯಷ್ಟು ಎರಡು ಮೂರು ಹೊಳಪು, ಅಷ್ಟೇ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಪ್ರೆಷರ್ 20, ಓಡುವಾಗ 50. ಹೊಗೆ ಇಲ್ಲ. ಹೆಡ್ ನಟ್‌ಗಳಲ್ಲಿ ಎರಡು ಮಾತ್ರ ಸ್ವಲ್ಪ ತಿರುಗಿದವು. ಟ್ಯಾಪೆಟ್ ಮತ್ತೆ 15ಕ್ಕೆ ಇಟ್ಟೆ.

ಭಾನುವಾರ ಕೊಟ್ಟಿಗೆಹಾರಕ್ಕೆ ಹೋಗಿ ಬಂದೆವು. ಬೆಳಿಗ್ಗೆ ಚಳಿ ಇತ್ತು. ನಾನು ಚೋಕ್ ಪೂರ್ತಿ ಎಳೆದೆ. ಅಪ್ಪ ಪಕ್ಕದ ಸೀಟಿನಿಂದ ಕೈ ಚಾಚಿ ಅದನ್ನು ಅರ್ಧಕ್ಕೆ ತಳ್ಳಿ, "ಇದಕ್ಕೆ ಅರ್ಧ ಸಾಕು, ಈಗ ಹೊಡಿ" ಅಂದರು. ಒಂದೇ ಸೆಲ್ಫ್‌ಗೆ ಹೊತ್ತಿಕೊಂಡಿತು.